ಬಟ್ಟೆ ಓದಿ, ಸುತ್ತಲೂ ನೋಡಿ: ಜವಳಿ ಕಲೆ ಕಲಿಯುವವರಿಗೆ ಸಮಗ್ರ ಮಾರ್ಗದರ್ಶಿ

ಜವಳಿ ಕಲೆ ಕಲಿಯಲು ಹೊರಟವರು ಬೇಗನೆ ಕೇಳುವ ಪ್ರಶ್ನೆ ಒಂದಿದೆ: "ಡಿಸೈನ್ ಎಲ್ಲಿಂದ ತರಲಿ?" ಸುತ್ತಲೂ ನೋಡಿ ಎಂದು ಎಲ್ಲರೂ ಹೇಳುತ್ತಾರೆ. ಮಾತು ಸರಿ, ಆದರೆ ಸುಮ್ನೆ ನೋಡಿದರೆ ಏನೂ ಸಿಗುವುದಿಲ್ಲ. ಗೋಡೆಯ ಬಿರುಕು ಎಲ್ಲರ ಕಣ್ಣಿಗೂ ಬೀಳುತ್ತದೆ. ಅದು ಬಟ್ಟೆಯಾಗಿ ಕಾಣಬೇಕಾದರೆ ಬಟ್ಟೆ ಹೇಗೆ ಆಗುತ್ತದೆ ಎಂದು ಗೊತ್ತಿರಬೇಕು. ಎಳೆ ಎಲ್ಲಿ ಹೋಗುತ್ತದೆ, ಎಲ್ಲಿ ಹೋಗಲಾರದು, ಬಣ್ಣ ಯಾವ ಹಂತದಲ್ಲಿ ಸೇರುತ್ತದೆ, ಇವು ಗೊತ್ತಿದ್ದರೆ ಕಣ್ಣು ತಾನಾಗಿಯೇ ಹುಡುಕಲು ಶುರು ಮಾಡುತ್ತದೆ.

ಹಾಗಾಗಿ ಈ ಮಾರ್ಗದರ್ಶಿ ಬಟ್ಟೆಯಿಂದ ಶುರುವಾಗಿ ಸುತ್ತಲಿನ ಜಗತ್ತಿಗೆ ಹೋಗುತ್ತದೆ, ಮತ್ತೆ ಬಟ್ಟೆಗೇ ಬರುತ್ತದೆ. ಚಿತ್ರ ಬಿಡಿಸಲು ಬರುವುದಿಲ್ಲ ಎಂಬ ಚಿಂತೆ ಬೇಡ. ಇಲ್ಲಿ ಬೇಕಾಗಿರುವುದು ತಾಳ್ಮೆ ಮತ್ತು ಕೈ.

ಮೊದಲ ಹೆಜ್ಜೆ: ಒಂದು ಬಟ್ಟೆಯನ್ನು ಬಿಚ್ಚಿ ನೋಡಿ

ಹಳೆಯ ಬಟ್ಟೆಗಳಿಂದ ನಾಲ್ಕೈದು ಬೇರೆ ಬೇರೆ ತುಂಡು ಕತ್ತರಿಸಿಕೊಳ್ಳಿ. ಜೀನ್ಸ್, ಹತ್ತಿಯ ಅಂಗಿ, ಟೀ ಶರ್ಟ್, ಮಿರುಗುವ ಲೈನಿಂಗ್ ಬಟ್ಟೆ, ಒರಟು ಗೋಣಿ, ಹೀಗೆ. ಒಂದು ಭೂತಗನ್ನಡಿ, ಒಂದು ಸೂಜಿ, ಒಂದು ಸ್ಕೇಲು, ಗ್ರಾಫ್ ಹಾಳೆಯ ಪುಸ್ತಕ ಇದ್ದರೆ ಸಾಕು.

ಸೂಜಿಯ ಮೊನೆಯಿಂದ ಅಂಚಿನ ಎಳೆಗಳನ್ನು ಒಂದೊಂದಾಗಿ ಹೊರಗೆ ಎಳೆಯಿರಿ. ಮಗ್ಗದ ಮೇಲೆ ಉದ್ದಕ್ಕೆ ಬಿಗಿಯಾಗಿ ನಿಂತಿರುವ ಎಳೆಗಳು ಹಾಸು. ಅಡ್ಡಲಾಗಿ ಅವುಗಳ ನಡುವೆ ಹಾದು ಹೋಗುವುದು ಹೊಕ್ಕು. ಬಟ್ಟೆಯ ಮೂಲ ಅಂಚು ಉಳಿದಿದ್ದರೆ ಗುರುತಿಸುವುದು ಸುಲಭ: ಅಂಚಿಗೆ ಸಮನಾಗಿ ಓಡುವುದು ಹಾಸು. ಅಂಚು ಇಲ್ಲದಿದ್ದರೆ ಎರಡೂ ದಿಕ್ಕಿಗೆ ಎಳೆದು ನೋಡಿ. ಸಾಮಾನ್ಯವಾಗಿ ಹಾಸಿನ ಕಡೆ ಕಡಿಮೆ ಹಿಗ್ಗುತ್ತದೆ. ಓರೆಯಾಗಿ, ಮೂಲೆಯಿಂದ ಮೂಲೆಗೆ ಎಳೆದರೆ ಜಾಸ್ತಿ ಹಿಗ್ಗುತ್ತದೆ. ಈ ಹಿಗ್ಗುವ ಗುಣ ಮುಂದೆ ಡಿಸೈನ್ ಮಾಡುವಾಗ ತುಂಬಾ ಉಪಯೋಗಕ್ಕೆ ಬರುತ್ತದೆ.

ಈಗ ಭೂತಗನ್ನಡಿಯಲ್ಲಿ ನೋಡಿ. ಅಂಗಿಯ ಬಟ್ಟೆಯಲ್ಲಿ ಹೊಕ್ಕು ಒಂದು ಎಳೆಯ ಮೇಲೆ, ಇನ್ನೊಂದರ ಕೆಳಗೆ ಹೋಗುತ್ತಿರುತ್ತದೆ. ಇದು ಸಾದಾ ನೇಯ್ಗೆ. ಜೀನ್ಸಿನಲ್ಲಿ ಓರೆ ಗೆರೆಗಳು ಕಾಣುತ್ತವೆ. ಪ್ರತಿ ಸಾಲಿನಲ್ಲೂ ಹೆಣಿಗೆ ಒಂದು ಎಳೆಯಷ್ಟು ಪಕ್ಕಕ್ಕೆ ಸರಿಯುವುದರಿಂದ ಈ ಓರೆ ಹುಟ್ಟುತ್ತದೆ. ಇದನ್ನು ಟ್ವಿಲ್ ಎನ್ನುತ್ತಾರೆ. ಜೀನ್ಸ್ ಹೊರಗೆ ನೀಲಿ, ಒಳಗೆ ಬಿಳಿಚಿಕೊಂಡಂತೆ ಇರುತ್ತದೆ, ಅಲ್ವಾ? ಅದರ ಹಾಸು ನೀಲಿ, ಹೊಕ್ಕು ಬಿಳಿ. ಟ್ವಿಲ್ ನೇಯ್ಗೆ ಹಾಸನ್ನು ಹೊರಗಡೆ ಜಾಸ್ತಿ ತೋರಿಸುತ್ತದೆ. ಲೈನಿಂಗ್ ಬಟ್ಟೆ ಮಿರುಗಲು ಕಾರಣ ಅದರ ಎಳೆಗಳು ಹಲವು ಎಳೆಗಳನ್ನು ದಾಟಿ ಮೇಲೆಯೇ ತೇಲುತ್ತಿರುವುದು. ತೇಲುವ ಉದ್ದ ಹೆಚ್ಚಿದಷ್ಟೂ ಬೆಳಕು ಚೆನ್ನಾಗಿ ಮರಳುತ್ತದೆ, ಆದರೆ ಎಳೆ ಏನಕ್ಕಾದರೂ ಸಿಕ್ಕಿಕೊಳ್ಳುವ ಅಪಾಯವೂ ಹೆಚ್ಚು. ಟೀ ಶರ್ಟಿನಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಅಲ್ಲಿರುವುದು ಒಂದರೊಳಗೊಂದು ಸಿಕ್ಕಿಸಿದ ಕುಣಿಕೆಗಳು. ಅದಕ್ಕೇ ಅದು ಅಷ್ಟು ಹಿಗ್ಗುತ್ತದೆ.

ನೋಡಿದ್ದನ್ನು ಗ್ರಾಫ್ ಹಾಳೆಯಲ್ಲಿ ಬರೆಯಿರಿ. ಒಂದು ಚೌಕ ಎಂದರೆ ಒಂದು ಹಾಸು ಮತ್ತು ಒಂದು ಹೊಕ್ಕು ಸೇರುವ ಜಾಗ. ಹಾಸು ಮೇಲಿದ್ದರೆ ಚೌಕ ತುಂಬಿ, ಹೊಕ್ಕು ಮೇಲಿದ್ದರೆ ಖಾಲಿ ಬಿಡಿ. ಸಾದಾ ನೇಯ್ಗೆ ಚದುರಂಗದ ಮಣೆಯಾಗಿ ಬರುತ್ತದೆ, ಟ್ವಿಲ್ ಮೆಟ್ಟಿಲಾಗಿ ಬರುತ್ತದೆ. ನೇಕಾರರು ಡಿಸೈನ್ ಬರೆಯುವ ಕ್ರಮವೂ ಇದೇ. ಒಂದು ಸೆಂಟಿಮೀಟರಿನಲ್ಲಿ ಎಷ್ಟು ಹಾಸು, ಎಷ್ಟು ಹೊಕ್ಕು ಇದೆ ಎಂದು ಪಕ್ಕದಲ್ಲಿ ಎಣಿಸಿ ಬರೆದುಕೊಳ್ಳಿ.

ಇನ್ನೊಂದು ಅಭ್ಯಾಸ ಈಗಿನಿಂದಲೇ ಬೆಳೆಸಿಕೊಳ್ಳಿ: ಯಾವ ಬಟ್ಟೆ ಸಿಕ್ಕರೂ ಹಿಂಬದಿ ತಿರುಗಿಸಿ ನೋಡಿ. ಅಚ್ಚು ಹಾಕಿದ ಬಟ್ಟೆಯ ಹಿಂಬದಿ ಸಾಮಾನ್ಯವಾಗಿ ಮಂಕಾಗಿರುತ್ತದೆ. ನೇಯ್ದ ಡಿಸೈನ್ ಹಿಂದೆ ಬಣ್ಣ ಬದಲಾಗಿಯೋ, ಎಳೆಗಳು ತೇಲುತ್ತಲೋ ಕಾಣುತ್ತದೆ. ಇಕತ್‌ನಲ್ಲಿ ನೇಯುವ ಮೊದಲೇ ನೂಲಿಗೆ ಕಟ್ಟು ಹಾಕಿ ಬಣ್ಣ ಅದ್ದಿರುತ್ತಾರೆ. ನೇಯುವಾಗ ಎಳೆಗಳು ಕೊಂಚ ಅತ್ತಿತ್ತ ಸರಿಯುತ್ತವೆ, ಹಾಗಾಗಿ ಡಿಸೈನಿನ ಅಂಚು ಮಸುಕಾಗಿ ನಡುಗಿದಂತೆ ಇರುತ್ತದೆ. ಬಾಟಿಕ್‌ನಲ್ಲಿ ಬಣ್ಣ ಹತ್ತಬಾರದ ಕಡೆ ಮೇಣ ಹಚ್ಚಿ ಬಣ್ಣ ಅದ್ದುತ್ತಾರೆ. ಮೇಣ ಒಡೆದ ಕಡೆ ಬಣ್ಣ ಇಳಿದು ಸಣ್ಣ ಸಣ್ಣ ಬಿರುಕು ಗೆರೆ ಮೂಡುತ್ತದೆ. ಬಟ್ಟೆ ತಾನು ಹೇಗೆ ಹುಟ್ಟಿದೆ ಎಂಬುದನ್ನು ಹಿಂಬದಿಯಲ್ಲಿ ಬಚ್ಚಿಡುವುದಿಲ್ಲ.

ಎರಡನೇ ಹೆಜ್ಜೆ: ಬೇರೆಯವರು ಸುತ್ತಲನ್ನು ಹೇಗೆ ಬಟ್ಟೆಗೆ ತಂದರು?

ಇತಿಹಾಸವನ್ನೆಲ್ಲ ಓದಿ ಮುಗಿಸಿ ಆಮೇಲೆ ಕೆಲಸ ಶುರು ಮಾಡುತ್ತೇನೆ ಎಂದುಕೊಳ್ಳಬೇಡಿ. ಕೆಲವೇ ಕೃತಿಗಳನ್ನು ಆರಿಸಿಕೊಂಡು ಆಳವಾಗಿ ನೋಡಿ. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿ: ಈ ಕಲಾವಿದೆ ಏನು ನೋಡಿದಳು, ಅದರಲ್ಲಿ ಏನನ್ನು ಬಿಟ್ಟಳು?

ಆನಿ ಆಲ್ಬರ್ಸ್ 1922ರಲ್ಲಿ ಜರ್ಮನಿಯ ಬೌಹೌಸ್ ಎಂಬ ಕಲೆ ಮತ್ತು ವಿನ್ಯಾಸ ಶಾಲೆ ಸೇರಿ ಅಲ್ಲಿ ನೇಯ್ಗೆ ಕಲಿತರು. 1933ರಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿಂದ ಮೆಕ್ಸಿಕೋಗೆ ಪ್ರಯಾಣ ಮಾಡಿ ಹಳೆಯ ಅವಶೇಷಗಳನ್ನು ನೋಡಿದರು. 1936ರಲ್ಲಿ ಅಲ್ಲಿಯ ಒಂದು ಪುರಾತನ ಊರಿನ ಹೆಸರಿಟ್ಟು 'ಮೊಂಟೆ ಆಲ್ಬಾನ್' ಎಂಬ ಗೋಡೆ ಬಟ್ಟೆ ನೇಯ್ದರು. ಆ ಊರಿನ ದಿಬ್ಬ, ಮೆಟ್ಟಿಲುಗಳ ಚಿತ್ರವನ್ನು ಅವರು ಬಿಡಿಸಲಿಲ್ಲ. ನೇಯ್ಗೆಯ ಮೇಲೆ ತೇಲುವ ಒಂದು ಹೆಚ್ಚುವರಿ ಹೊಕ್ಕಿನ ಎಳೆಯನ್ನು ಗೆರೆಯಂತೆ ಓಡಾಡಿಸಿದರು. ಜಾಗದ ಏರಿಳಿತ ಮಾತ್ರ ಉಳಿಯಿತು. 1949ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಅವರ ಏಕವ್ಯಕ್ತಿ ಪ್ರದರ್ಶನ ನಡೆಯಿತು. ಅಲ್ಲಿ ಅಂಥ ಪ್ರದರ್ಶನ ಕಂಡ ಮೊದಲ ಜವಳಿ ಕಲಾವಿದೆ ಅವರು.

ಅಮೆರಿಕದ ಅಲಬಾಮಾ ರಾಜ್ಯದ ಜೀಸ್ ಬೆಂಡ್‌ನ ಆಫ್ರಿಕನ್-ಅಮೆರಿಕನ್ ಹೆಂಗಸರ ಕೌದಿಗಳನ್ನು ಖಂಡಿತ ನೋಡಿ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಪಾಠ ಇಲ್ಲ. ಅವರು ಬಳಸಿದ್ದು ಕೆಲಸಕ್ಕೆ ಹಾಕಿ ಸವೆದ ಬಟ್ಟೆ. ಜೇಬು ಬಿಚ್ಚಿದ ಕಡೆ ಬಣ್ಣ ಮಾಸದೆ ಕಡುವಾಗಿ ಉಳಿದ ಚೌಕ ಇರುತ್ತದೆ, ಅದೂ ಡಿಸೈನಿನ ಭಾಗವೇ. ಅಲ್ಲಿಯ ಎರಡು ಪ್ರಸಿದ್ಧ ಮಾದರಿಗಳ ಹೆಸರಿನ ಅರ್ಥ ಮನೆಯ ಮಾಡು ಮತ್ತು ಇಟ್ಟಿಗೆ ಕಟ್ಟುವವ. ಕಣ್ಣೆದುರಿನ ಕಟ್ಟಡವೇ ಚೌಕದೊಳಗಿನ ಚೌಕವಾಗಿ ಕೌದಿಗೆ ಬಂದಿದೆ. 2002ರಲ್ಲಿ ಈ ಕೌದಿಗಳು ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದ ಗೋಡೆ ಏರಿದವು.

ಕಸೂತಿಯನ್ನೂ ಇದೇ ಕಣ್ಣಿನಿಂದ ನೋಡಿ. ಗೋಪುರ, ತೊಟ್ಟಿಲು, ನವಿಲು, ಆನೆ, ಎಲ್ಲವೂ ದಿನವೂ ಕಾಣುವಂಥವು. ಎಳೆ ಎಣಿಸಿ ಹಾಕುವ ಹೊಲಿಗೆಯಾದ್ದರಿಂದ ನವಿಲಿನ ದುಂಡು ಕತ್ತು ಕೂಡ ನೇರ ಗೆರೆಗಳ ಮೆಟ್ಟಿಲಾಗುತ್ತದೆ. ಗವಂತಿ ಹೊಲಿಗೆ ಎರಡೂ ಬದಿಗೆ ಒಂದೇ ರೀತಿ ಕಾಣಬೇಕು ಎಂಬ ನಿಯಮವೇ ಆ ಗೆರೆ ಯಾವ ದಾರಿಯಲ್ಲಿ ಹೋಗಬೇಕು ಎಂದು ತೀರ್ಮಾನಿಸುತ್ತದೆ.

ಸಂಗ್ರಹಾಲಯಕ್ಕೆ ಹೋಗಲಾಗದಿದ್ದರೂ ತೊಂದರೆಯಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯಗಳು ಸಾವಿರಾರು ಬಟ್ಟೆಗಳ ಫೋಟೋಗಳನ್ನು ಆನ್‌ಲೈನ್‌ನಲ್ಲಿ ಇಟ್ಟಿವೆ. ಫೋಟೋ ದೊಡ್ಡದು ಮಾಡಿ ಎಳೆ ಕಾಣುವವರೆಗೂ ಹೋಗಿ. ಅಳತೆಯನ್ನು ಮರೆಯದೆ ಓದಿ. ಪರದೆಯ ಮೇಲೆ ಅಂಗೈ ಅಗಲದ ಬಟ್ಟೆಯೂ ಗೋಡೆ ಅಗಲದ ಬಟ್ಟೆಯೂ ಒಂದೇ ಗಾತ್ರದಲ್ಲಿ ಕಾಣುತ್ತವೆ.

ಮೂರನೇ ಹೆಜ್ಜೆ: ಹೆಸರನ್ನಲ್ಲ, ಕ್ರಿಯೆಯನ್ನು ಬರೆದುಕೊಳ್ಳಿ

ಇದು ಈ ಇಡೀ ಕಲಿಕೆಯ ನಡುಮನೆ. ಹೊಸಬರು ಹೊರಗೆ ಹೋಗಿ ಹೂವು, ಎಲೆ, ಹಕ್ಕಿ ಎಂದು ಪಟ್ಟಿ ಮಾಡಿಕೊಂಡು ಬರುತ್ತಾರೆ. ಆಮೇಲೆ ಅದರ ಚಿತ್ರವನ್ನು ಬಟ್ಟೆಯ ಮೇಲೆ ಇಳಿಸುತ್ತಾರೆ. ಅದು ತಪ್ಪಲ್ಲ, ಆದರೆ ಬಟ್ಟೆ ಅಲ್ಲಿ ಬರೀ ಹಾಳೆಯಾಗುತ್ತದೆ. ಬದಲಿಗೆ ಆ ವಸ್ತು ಏನು ಮಾಡುತ್ತಿದೆ ಎಂದು ಬರೆಯಿರಿ. ಬಳ್ಳಿ ಬೇಲಿಗೆ ಹೆಣೆದುಕೊಂಡಿದೆ. ಗೋಡೆಯ ಬಣ್ಣ ಪದರ ಪದರವಾಗಿ ಎದ್ದಿದೆ. ಒಣಗಿದ ಎಲೆ ಸುರುಳಿ ಸುತ್ತಿದೆ. ಕೆಸರು ಒಡೆದಿದೆ. ಪೋಸ್ಟರ್ ಮೇಲೆ ಪೋಸ್ಟರ್ ಅಂಟಿ, ಮೇಲಿನದು ಹರಿದಿದೆ. ತಗಡು ತುಕ್ಕು ಹಿಡಿದಿದೆ.

ಈಗ ಅವನ್ನೇ ಮತ್ತೊಮ್ಮೆ ಓದಿ. ಹೆಣೆಯುವುದು, ಪದರ ಹಾಕುವುದು, ಸುರುಳಿ ಸುತ್ತುವುದು, ಒಡೆಯುವುದು, ಹರಿಯುವುದು, ಕಲೆ ಹಿಡಿಸುವುದು. ಇವೆಲ್ಲ ಬಟ್ಟೆಗೂ ಮಾಡಬಹುದಾದ ಕೆಲಸಗಳು! ಪದರ ಎದ್ದ ಗೋಡೆಯಿಂದ ನಾಲ್ಕು ಬಣ್ಣದ ಬಟ್ಟೆ ಒಂದರ ಮೇಲೊಂದು ಹೊಲಿದು, ಮೇಲಿನ ಪದರಗಳನ್ನು ಕತ್ತರಿಸಿ ಕೆಳಗಿನದನ್ನು ತೋರಿಸುವ ಯೋಚನೆ ಬರುತ್ತದೆ. ಒಡೆದ ಕೆಸರಿನಿಂದ ಬಾಟಿಕ್ ಮೇಣದ ಬಿರುಕು ನೆನಪಾಗುತ್ತದೆ. ತುಕ್ಕಿನಿಂದ ನೇರವಾಗಿ ಬಣ್ಣವನ್ನೇ ತೆಗೆಯಬಹುದು. ವಿನೆಗರ್‌ನಲ್ಲಿ ಅದ್ದಿದ ಹತ್ತಿ ಬಟ್ಟೆಯನ್ನು ತುಕ್ಕು ಹಿಡಿದ ಮೊಳೆಗಳಿಗೆ ಸುತ್ತಿ, ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಒಂದು ದಿನ ಬಿಟ್ಟರೆ ಕಂದು ಗುರುತು ಮೂಡುತ್ತದೆ. ಕೈಗವಸು ಹಾಕಿಕೊಳ್ಳಿ. ತುಕ್ಕು ಕಾಲ ಕಳೆದಂತೆ ನೂಲನ್ನು ಬಲಹೀನ ಮಾಡುತ್ತದೆ, ಹಾಗಾಗಿ ತೊಡುವ ಬಟ್ಟೆಗಿಂತ ಗೋಡೆಗೆ ಹಾಕುವ ಬಟ್ಟೆಗೆ ಇದು ಸರಿ.

ಹೊರಗೆ ಹೋಗುವಾಗ ದೂರದ ಜಾಗ ಹುಡುಕಬೇಡಿ. ದಿನವೂ ನಡೆಯುವ ಒಂದು ಚಿಕ್ಕ ದಾರಿ ಸಾಕು, ಮತ್ತೆ ಮತ್ತೆ ಅಲ್ಲಿಗೇ ಹೋಗಿ. ಒಂದು ದಿನ ಗೆರೆ ಮಾತ್ರ ನೋಡಿ: ತಂತಿ, ಕಿಟಕಿ ಸರಳಿನ ನೆರಳು, ನೆಲದ ಸಂದು. ಇನ್ನೊಂದು ದಿನ ಅಂಚು ಮಾತ್ರ. ಎರಡು ವಸ್ತು ಎಲ್ಲಿ ಸೇರುತ್ತವೆ, ಹೇಗೆ ಸೇರುತ್ತವೆ? ಮಗದೊಂದು ದಿನ ಖಾಲಿ ಜಾಗ. ಎಲ್ಲವನ್ನೂ ಒಟ್ಟಿಗೆ ನೋಡಲು ಹೋದರೆ ಏನೂ ಕಾಣುವುದಿಲ್ಲ.

ರಟ್ಟಿನಲ್ಲಿ 5 ಸೆಂಟಿಮೀಟರಿನ ಚೌಕ ಕಿಂಡಿ ಕತ್ತರಿಸಿ ಜೊತೆಗಿಟ್ಟುಕೊಳ್ಳಿ. ಅದರ ಮೂಲಕ ನೋಡಿದಾಗ ವಸ್ತುವಿನ ಹೆಸರು ಮರೆತುಹೋಗಿ ಆಕಾರ ಉಳಿಯುತ್ತದೆ. ಫೋಟೋ ತೆಗೆಯಿರಿ, ಆದರೆ ಫೋಟೋ ಒಂದನ್ನೇ ನಂಬಬೇಡಿ. ಮರದ ತೊಗಟೆ, ಕಲ್ಲು, ಜಾಲರಿ, ಮ್ಯಾನ್‌ಹೋಲ್ ಮುಚ್ಚಳದ ಮೇಲೆ ತೆಳು ಕಾಗದ ಇಟ್ಟು ಮೇಣದ ಬಳಪವನ್ನು ಅಡ್ಡಲಾಗಿ ಉಜ್ಜಿ. ಉಬ್ಬುತಗ್ಗು ನೇರವಾಗಿ ಕಾಗದಕ್ಕೆ ಬರುತ್ತದೆ. ಬಟ್ಟೆ ಮುಟ್ಟುವ ಕಲೆ. ಕೈಯಿಂದ ಸಂಗ್ರಹಿಸಿದ್ದಕ್ಕೆ ಕಣ್ಣಿನಿಂದ ಸಂಗ್ರಹಿಸಿದ್ದಕ್ಕಿಂತ ಹೆಚ್ಚು ಬೆಲೆ ಇದೆ ಎಂದು ನಾನು ನಂಬುತ್ತೇನೆ.

ನಾಲ್ಕನೇ ಹೆಜ್ಜೆ: ಕಡಿಮೆ ಮಾಡುತ್ತಾ ಹೋಗಿ

ಸಂಗ್ರಹದಿಂದ ಒಂದೇ ಒಂದನ್ನು ಆರಿಸಿ. ಅದರ ಮೇಲೆ ಟ್ರೇಸಿಂಗ್ ಕಾಗದ ಇಟ್ಟು ಮುಖ್ಯ ಗೆರೆಗಳನ್ನು ಎಳೆಯಿರಿ. ಆ ಟ್ರೇಸಿಂಗ್ ಮೇಲೆ ಇನ್ನೊಂದು ಕಾಗದ ಇಟ್ಟು, ಅರ್ಧ ಗೆರೆಗಳನ್ನು ಬಿಟ್ಟು ಮತ್ತೆ ಎಳೆಯಿರಿ. ಹೀಗೆ ಮೂರು ಸಲ. ಕೊನೆಯ ಹಾಳೆಯಲ್ಲೂ ಮೂಲದ ಜೀವ ಉಳಿದಿದ್ದರೆ ಅದೇ ನಿಮ್ಮ ಡಿಸೈನಿನ ಬೀಜ. ಉಳಿದಿಲ್ಲದಿದ್ದರೆ ಹಿಂದಿನ ಹಾಳೆಗೆ ಹೋಗಿ.

ಐದನೇ ಹೆಜ್ಜೆ: ಬಣ್ಣವನ್ನು ನೂಲಿನಲ್ಲೇ ಹುಡುಕಿ

ಫೋಟೋದ ಬಣ್ಣಗಳನ್ನು ಪೇಂಟಿನಲ್ಲಿ ಬೆರೆಸುವ ಬದಲು ನೂಲು ಸುತ್ತಿ. ಎರಡು ಬೆರಳು ಅಗಲದ, ಗಟ್ಟಿ ರಟ್ಟಿನ ಪಟ್ಟಿ ತೆಗೆದುಕೊಳ್ಳಿ. ಫೋಟೋದಲ್ಲಿ ಯಾವ ಬಣ್ಣ ಎಷ್ಟು ಪಾಲಿದೆ ಎಂದು ಅಂದಾಜು ಮಾಡಿ. ಅಷ್ಟೇ ಪಾಲಿನಲ್ಲಿ ಆ ಬಣ್ಣದ ನೂಲನ್ನು ಪಕ್ಕಪಕ್ಕಕ್ಕೆ ಒತ್ತಾಗಿ ಸುತ್ತುತ್ತಾ ಹೋಗಿ. ಬೂದು ಗೋಡೆ ಎಂದುಕೊಂಡದ್ದರಲ್ಲಿ ಹಸಿರೂ ಇದೆ, ಒಂದಿಷ್ಟು ಗುಲಾಬಿಯೂ ಇದೆ ಎಂದು ಆಗ ತಿಳಿಯುತ್ತದೆ. ಒಂದೇ ಫೋಟೋಗೆ ಎರಡು ಮೂರು ಪಟ್ಟಿ ಮಾಡಿ. ಒಂದರಲ್ಲಿ ಪಾಲು ಫೋಟೋದಂತೆಯೇ ಇರಲಿ, ಇನ್ನೊಂದರಲ್ಲಿ ಅತಿ ಕಡಿಮೆ ಇದ್ದ ಬಣ್ಣವನ್ನು ಅತಿ ಹೆಚ್ಚು ಮಾಡಿ.

ನೂಲಿನ ಬಣ್ಣ ಪಕ್ಕದ ಬಣ್ಣವನ್ನು ಅವಲಂಬಿಸಿರುತ್ತದೆ. ಇದನ್ನು ಜಗತ್ತಿಗೆ ಬಿಡಿಸಿ ಹೇಳಿದ್ದು ಒಂದು ನೇಯ್ಗೆ ಕಾರ್ಖಾನೆಯ ದೂರು. ಫ್ರಾನ್ಸಿನ ರಸಾಯನ ವಿಜ್ಞಾನಿ ಶೆವ್ರೂಲ್ 1824ರಲ್ಲಿ ಪ್ಯಾರಿಸಿನ ಗೋಬ್ಲಾ ಕಾರ್ಖಾನೆಯ ಬಣ್ಣ ವಿಭಾಗದ ಮುಖ್ಯಸ್ಥರಾದರು. ಅಲ್ಲಿಯ ಕಪ್ಪು ಬಣ್ಣಕ್ಕೆ ಗಾಢತೆ ಇಲ್ಲ ಎಂಬ ದೂರು ಬಂದಿತ್ತು. ಅವರು ಪರೀಕ್ಷಿಸಿದರೆ ಬಣ್ಣದಲ್ಲಿ ದೋಷವೇ ಇರಲಿಲ್ಲ. ನೀಲಿ, ನೇರಳೆ ನೂಲಿನ ಪಕ್ಕದಲ್ಲಿ ನೇಯ್ದಾಗ ಕಪ್ಪು ಕಣ್ಣಿಗೆ ಮಂಕಾಗಿ ಕಾಣುತ್ತಿತ್ತು, ಅಷ್ಟೇ. ಈ ವಿಷಯದ ಮೇಲೆ ಅವರು 1839ರಲ್ಲಿ ಪ್ರಕಟಿಸಿದ ಅಧ್ಯಯನ ಮುಂದೆ ಚಿತ್ರಕಾರರ ಮೇಲೂ ಪ್ರಭಾವ ಬೀರಿತು. ನೀವೂ ಪರೀಕ್ಷಿಸಿ: ಒಂದೇ ಬೂದು ನೂಲನ್ನು ಒಂದು ಪಟ್ಟಿಯಲ್ಲಿ ಕೆಂಪಿನ ಪಕ್ಕ, ಇನ್ನೊಂದರಲ್ಲಿ ಹಸಿರಿನ ಪಕ್ಕ ಸುತ್ತಿ. ಎರಡು ಬೇರೆ ಬೂದುಗಳೇ ಎನ್ನಿಸುತ್ತದೆ.

ಸಣ್ಣ ಎಳೆಗಳು ದೂರದಿಂದ ಬೆರೆತು ಹೋಗುತ್ತವೆ. ನೀಲಿ ಹಾಸು, ಹಳದಿ ಹೊಕ್ಕು ಹಾಕಿದರೆ ಹಚ್ಚ ಹಸಿರು ಬರುತ್ತದೆ ಎಂದು ನಿರೀಕ್ಷಿಸಬೇಡಿ, ಬರುವುದು ಮಂಕು ಹಸಿರು. ಸುತ್ತಿದ ಪಟ್ಟಿಯನ್ನು ಕೈಯಲ್ಲಿ ಹಿಡಿದೂ ನೋಡಿ, ಕೋಣೆಯ ಆ ತುದಿಯಲ್ಲಿಟ್ಟೂ ನೋಡಿ. ಫೋನಿನಲ್ಲಿ ಕಪ್ಪು ಬಿಳುಪಾಗಿ ಫೋಟೋ ತೆಗೆಯಿರಿ. ಎರಡು ಬಣ್ಣ ಅಲ್ಲಿ ಒಂದೇ ಬೂದಾಗಿ ಕಂಡರೆ ದೂರದಿಂದ ಡಿಸೈನ್ ಕರಗಿ ಹೋಗುವ ಸಾಧ್ಯತೆ ಹೆಚ್ಚು.

ಆರನೇ ಹೆಜ್ಜೆ: ಪುನರಾವರ್ತನೆ

ಅಚ್ಚಿನ ಬಟ್ಟೆ ಮಾಡುವ ಆಸೆ ಇದ್ದರೆ ಇದು ಬೇಕೇ ಬೇಕು. ಕೌದಿ, ಗೋಡೆ ಬಟ್ಟೆ ಮಾಡುವವರು ಬೇಕಾದರೆ ದಾಟಿ ಹೋಗಬಹುದು.

ಚೌಕ ಹಾಳೆಯ ನಡುವೆ, ಅಂಚು ಮುಟ್ಟದಂತೆ, ನಿಮ್ಮ ಆಕಾರ ಬರೆಯಿರಿ. ಹಾಳೆಯನ್ನು ನಡುವೆ ಉದ್ದಕ್ಕೆ ಕತ್ತರಿಸಿ ಎಡಬಲ ಅದಲುಬದಲು ಮಾಡಿ ಹಿಂದಿನಿಂದ ಟೇಪ್ ಅಂಟಿಸಿ. ನಂತರ ಅಡ್ಡಕ್ಕೆ ಕತ್ತರಿಸಿ ಮೇಲೆಕೆಳಗೆ ಬದಲಿಸಿ ಅಂಟಿಸಿ. ಈಗ ಚಿತ್ರ ನಾಲ್ಕು ಮೂಲೆಗೆ ಹೋಗಿ ನಡುವೆ ಖಾಲಿಯಾಗಿರುತ್ತದೆ. ಅಂಚು ಮುಟ್ಟದಂತೆ ಆ ಖಾಲಿಯನ್ನು ತುಂಬಿ. ಈ ಹಾಳೆಯ ಪ್ರತಿಗಳನ್ನು ಪಕ್ಕಪಕ್ಕ ಇಟ್ಟರೆ ಸಂದು ಕಾಣದಂತೆ ಕೂಡುತ್ತವೆ.

ಮೇಲಿನಿಂದ ಕೆಳಗೆ ಬರುವ ಪ್ರತಿ ಸಾಲನ್ನೂ ಪಕ್ಕದ ಸಾಲಿಗಿಂತ ಹಾಳೆಯ ಅರ್ಧದಷ್ಟು ಕೆಳಗಿಳಿಸಿ ಜೋಡಿಸುವ ಕ್ರಮವೂ ಇದೆ. ಇದರಿಂದ ಕಣ್ಣು ಓರೆಯಾಗಿ ಓಡಾಡುತ್ತದೆ, ಚೌಕಗಳ ಸಾಲು ಎದ್ದು ಕಾಣುವುದಿಲ್ಲ. ಇದಕ್ಕೆ ಹಾಳೆಯ ಬಲ ಅಂಚಿನ ಮೇಲಿನ ಅರ್ಧ ಎಡ ಅಂಚಿನ ಕೆಳಗಿನ ಅರ್ಧಕ್ಕೂ, ಬಲ ಅಂಚಿನ ಕೆಳಗಿನ ಅರ್ಧ ಎಡ ಅಂಚಿನ ಮೇಲಿನ ಅರ್ಧಕ್ಕೂ ಕೂಡುವಂತೆ ಗೆರೆ ತಿದ್ದಬೇಕು. ಕನ್ನಡಿಯಂತೆ ಎದುರುಬದುರು ಮಾಡುವುದು ಇನ್ನೊಂದು ದಾರಿ. ಇಂಗ್ಲೆಂಡಿನ ವಿಲಿಯಂ ಮೋರಿಸ್ ತಮ್ಮ ತೋಟದಲ್ಲಿ ಸ್ಟ್ರಾಬೆರಿ ಕದಿಯುತ್ತಿದ್ದ ಹಕ್ಕಿಗಳನ್ನು ನೋಡಿ 1883ರಲ್ಲಿ ಮಾಡಿದ ಪ್ರಸಿದ್ಧ ಅಚ್ಚಿನಲ್ಲಿ ಹಕ್ಕಿಗಳು ಜೋಡಿ ಜೋಡಿಯಾಗಿ ಎದುರುಬದುರು ಕೂತಿವೆ. ಅಷ್ಟು ದಟ್ಟ ಎಲೆಗಳ ನಡುವೆಯೂ ಅದು ಗೊಂದಲವಾಗದಿರಲು ಈ ಕನ್ನಡಿ ಕ್ರಮವೇ ಕಾರಣ.

ಏಳನೇ ಹೆಜ್ಜೆ: ಒಂದೇ ಬೀಜ, ಬೇರೆ ಬೇರೆ ಮಾದರಿ ತುಂಡು

ಕಾಗದದ ಮೇಲೆ ಡಿಸೈನ್ ಮುಗಿಯುವುದಿಲ್ಲ. 10 ಸೆಂಟಿಮೀಟರಿನ ಚಿಕ್ಕ ತುಂಡುಗಳನ್ನು ಮಾಡಿ. ನಾಲ್ಕನೇ ಹೆಜ್ಜೆಯಲ್ಲಿ ಸಿಕ್ಕ ಅದೇ ಗೆರೆಯನ್ನು ಕಸೂತಿಯಲ್ಲಿ, ತೇಪೆ ಹೊಲಿಗೆಯಲ್ಲಿ, ನೇಯ್ಗೆಯಲ್ಲಿ ಮಾಡಿ ನೋಡಿ. ಎಳೆ ಎಣಿಸದೆ ಹಾಕುವ ಕಸೂತಿಯಲ್ಲಿ ದಾರ ಎಲ್ಲಿಗೆ ಬೇಕಾದರೂ ತಿರುಗುತ್ತದೆ. ತೇಪೆಯಲ್ಲಿ ಗೆರೆ ಇರುವುದಿಲ್ಲ, ಎರಡು ಬಣ್ಣ ಸೇರುವ ಅಂಚೇ ಗೆರೆ. ನೇಯ್ಗೆಯಲ್ಲಿ ಬಾಗಿದ ಗೆರೆ ಮೆಟ್ಟಿಲಾಗುತ್ತದೆ. ಯಾವ ಕ್ರಮ ನಿಮ್ಮ ಬೀಜಕ್ಕೆ ಒಪ್ಪುತ್ತದೆ ಎಂಬುದು ಮಾಡಿದ ಮೇಲೆಯೇ ಗೊತ್ತಾಗುವುದು.

ಮಗ್ಗ ಇಲ್ಲ ಎಂದು ನೇಯ್ಗೆ ಬಿಡಬೇಡಿ. 15 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಉದ್ದದ ದಪ್ಪ ರಟ್ಟಿನ ಮೇಲೂ ಕೆಳಗೂ ಅರ್ಧ ಸೆಂಟಿಮೀಟರಿಗೆ ಒಂದರಂತೆ ಕಚ್ಚು ಹಾಕಿ. ಗಟ್ಟಿ ಹತ್ತಿ ದಾರವನ್ನು ಮೇಲಿನಿಂದ ಕೆಳಗೆ ಕಚ್ಚುಗಳಲ್ಲಿ ಸಿಕ್ಕಿಸುತ್ತಾ ಹಾಸು ಕಟ್ಟಿ. ದಪ್ಪ ಸೂಜಿಯಲ್ಲಿ ಹೊಕ್ಕಿನ ನೂಲು ಪೋಣಿಸಿ ಒಂದು ಮೇಲೆ, ಒಂದು ಕೆಳಗೆ ಹಾಯಿಸಿ. ಮರಳಿ ಬರುವಾಗ ಅದು ತಿರುವುಮುರುವಾಗಲಿ. ನೂಲನ್ನು ನೇರ ಬಿಗಿಯಾಗಿ ಎಳೆಯಬೇಡಿ, ಕಮಾನಿನಂತೆ ಸಡಿಲ ಬಿಟ್ಟು ಬಾಚಣಿಗೆಯಿಂದ ಕೆಳಗೆ ಒತ್ತಿ. ಬಿಗಿ ಎಳೆದರೆ ಅಂಚುಗಳು ಒಳಕ್ಕೆ ಸೇದಿಕೊಂಡು ತುಂಡು ಮಧ್ಯದಲ್ಲಿ ಸೊಂಟ ಕಟ್ಟಿಕೊಳ್ಳುತ್ತದೆ.

ಇಷ್ಟು ಚಿಕ್ಕದನ್ನು ಮಾಡಿ ಏನು ಪ್ರಯೋಜನ ಎನ್ನಿಸಿದರೆ ಶೀಲಾ ಹಿಕ್ಸ್ ಅವರ ಕೆಲಸ ನೋಡಿ. 1934ರಲ್ಲಿ ಅಮೆರಿಕದಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ನೆಲೆಸಿದ ಈ ಕಲಾವಿದೆ ಕಟ್ಟಡದ ಗೋಡೆ ತುಂಬುವಂಥ ಕೃತಿಗಳನ್ನು ಮಾಡಿದ್ದಾರೆ. ಜೊತೆಗೆ ದಶಕಗಳಿಂದ ನೋಟ್‌ಬುಕ್ಕಿನ ಹಾಳೆಯಷ್ಟಿರುವ ಚಿಕ್ಕ ನೇಯ್ಗೆಗಳನ್ನೂ ಒಂದು ಸರಳ ಚೌಕಟ್ಟಿನ ಮೇಲೆ ಮಾಡುತ್ತಾ ಬಂದಿದ್ದಾರೆ. ಹೋದ ಕಡೆಯಲ್ಲೆಲ್ಲ ಅದನ್ನು ಒಯ್ಯುತ್ತಾರೆ. ಸಿಕ್ಕ ವಸ್ತುಗಳನ್ನೂ ಅದರೊಳಗೆ ನೇಯುತ್ತಾರೆ. ದೊಡ್ಡ ಕೃತಿಗಳ ಯೋಚನೆ ನಡೆಯುವುದೇ ಅಲ್ಲಿ.

ಬೇರೆಯವರ ಮಾದರಿಗಳ ಬಗ್ಗೆ ಒಂದು ಮಾತು. ಕಲಿಯಲು ನಕಲು ಮಾಡುವುದು ಒಳ್ಳೆಯದೇ. ಆದರೆ ಬದುಕಿರುವ ಕಲಾವಿದರ ಡಿಸೈನನ್ನು, ಒಂದು ಸಮುದಾಯಕ್ಕೆ ಪವಿತ್ರವಾದ ಗುರುತನ್ನು ನಿಮ್ಮದೆಂದು ಮಾರಬೇಡಿ. ಯಾರಿಂದ ಕಲಿತಿರಿ ಎಂದು ಹೇಳಿ.

ಎಂಟನೇ ಹೆಜ್ಜೆ: ಚೀಟಿ ಹಚ್ಚಿ, ಗೋಡೆಗೆ ಹಾಕಿ

ಪ್ರತಿ ತುಂಡಿನ ಹಿಂದೆ ಒಂದು ಚೀಟಿ ಹೊಲಿಯಿರಿ. ತಾರೀಖು, ನೂಲು, ಒಂದು ಸೆಂಟಿಮೀಟರಿಗೆ ಎಷ್ಟು ಎಳೆ, ಯಾವ ಫೋಟೋ ಅಥವಾ ಯಾವ ಉಜ್ಜಿದ ಕಾಗದದಿಂದ ಬಂತು, ಮತ್ತು ಮೂರನೇ ಹೆಜ್ಜೆಯ ಆ ಕ್ರಿಯಾಪದ. ನೂಲಿನ ಒಂದು ಚಿಕ್ಕ ತುಣುಕನ್ನೂ ಚೀಟಿಗೆ ಕಟ್ಟಿ. ಒಂದು ವರ್ಷದ ನಂತರ ಅದೇ ಬಣ್ಣ ಬೇಕಾದಾಗ ನೆನಪು ಕೈಕೊಡುತ್ತದೆ, ಚೀಟಿ ಕೈಕೊಡುವುದಿಲ್ಲ.

ಹತ್ತು ಹನ್ನೆರಡು ತುಂಡುಗಳಾದ ಮೇಲೆ ಎಲ್ಲವನ್ನೂ ಗೋಡೆಗೆ ಪಿನ್ ಮಾಡಿ ಕೆಲವು ದಿನ ಹಾಗೇ ಬಿಡಿ. ಓಡಾಡುವಾಗ ಕಣ್ಣು ಮತ್ತೆ ಮತ್ತೆ ಯಾವುದಕ್ಕೆ ಹೋಗುತ್ತದೋ ಅದನ್ನು ಕೆಳಗಿಳಿಸಿ ಮುಂದಿನ ಕೆಲಸಕ್ಕೆ ತೆಗೆದುಕೊಳ್ಳಿ. ಅದರಲ್ಲಿ ಒಂದೇ ಒಂದು ಸಂಗತಿ ಬದಲಿಸಿ, ನೂಲಿನ ದಪ್ಪವೋ, ಅಳತೆಯೋ, ಒಂದು ಬಣ್ಣವೋ, ಮತ್ತು ಇನ್ನೊಂದು ತುಂಡು ಶುರು ಮಾಡಿ.